ಕೇಳಿ, ಹೇಳ್ತೇನೆ: ಮಕ್ಕಳು, ಮರಳು, ಕಡಲು

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಘಟ್ಟದ ಮೇಲಿನವರ ಪತ್ರಗಳು ಶುರು. ಈ ಸಲ ಬಂದದ್ದರಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಕಡಲಿಗೆ ಹೋಗುವುದು ಹೇಗೆ? ನಾನು ಕಾಪು ಕಡೆಯವಳು. 31 ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವಳು. ಕಡಲೂ ಗೊತ್ತು, ಮಕ್ಕಳೂ ಗೊತ್ತು. ಎರಡನ್ನೂ ಪೂರ್ತಿ ನಂಬಬಾರದು ಎನ್ನುವುದೂ ಗೊತ್ತು.

ನಮಗೆ 6 ಮತ್ತು 3 ವರ್ಷದ ಮಕ್ಕಳು. ಎರಡು ದಿನದಲ್ಲಿ ಮುರುಡೇಶ್ವರ, ಮರವಂತೆ, ಮಲ್ಪೆ, ಕಾಪು, ಪಣಂಬೂರು ಮುಗಿಸಬೇಕೆಂದಿದ್ದೇವೆ. ಆಗುತ್ತದೆಯೇ? – ಓದುಗರು, ತುಮಕೂರು

ಕಾರಿಗೆ ಆಗುತ್ತದೆ. ಮಕ್ಕಳಿಗೆ ಆಗುವುದಿಲ್ಲ. ಮುರುಡೇಶ್ವರದಿಂದ ಪಣಂಬೂರಿಗೆ ಸುಮಾರು 150 ಕಿಲೋಮೀಟರ್. ಮೂರು ವರ್ಷದ ಮಗುವಿಗೆ ಐದು ಕಡಲು ಬೇಡ, ಒಂದು ಬಕೆಟ್ ಸಾಕು. ಒಂದೇ ಜಾಗ ಹಿಡಿಯಿರಿ. ನನ್ನ ಕೇಳಿದರೆ ಪಡುಬಿದ್ರಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ಬೀಚ್ ಅದು. ಅದೇ ವರ್ಷ ಹೊನ್ನಾವರದ ಕಾಸರಕೋಡಿಗೂ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕಾವಲಿನವರು ಎಲ್ಲ ಇರಬೇಕೆಂಬ ನಿಯಮದ ಮೇಲೆ ಕೊಡುವ ಮಾನ್ಯತೆ. ಮಕ್ಕಳ ಜೊತೆ ಹೋದವರಿಗೆ ಸೂರ್ಯಾಸ್ತಕ್ಕಿಂತ ಶೌಚಾಲಯ ದೊಡ್ಡದು, ಅಲ್ವಾ?

ಮರವಂತೆಯನ್ನು ಮಾತ್ರ ರಸ್ತೆಯಿಂದಲೇ ನೋಡಿ. ಒಂದು ಪಕ್ಕ ಸೌಪರ್ಣಿಕಾ, ಇನ್ನೊಂದು ಪಕ್ಕ ಕಡಲು, ನಡುವೆ ಹೆದ್ದಾರಿ. ಚೆಂದ ಹೌದು, ಮಕ್ಕಳನ್ನು ನೀರಿಗಿಳಿಸುವ ಜಾಗ ಅಲ್ಲ.

ಎಲ್ಲರೂ ಸಂಜೆಯೇ ಬರುತ್ತಾರೆ. ನೀವು ಬೆಳಿಗ್ಗೆ ಏಳಕ್ಕೆ ಹೋಗಿ. ನಮ್ಮ ಕರಾವಳಿಯಲ್ಲಿ ಸೂರ್ಯ ತೆಂಗಿನ ಮರಗಳ ಹಿಂದಿನಿಂದ ಏಳುತ್ತಾನೆ. ಆಗ ಮರದ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಸಂಜೆಯಾದರೆ ಬಿಸಿಲು ಎದುರಿನಿಂದ ಮುಖಕ್ಕೇ ಹೊಡೆಯುತ್ತದೆ. ಹತ್ತು ಗಂಟೆಯೊಳಗೆ ಎದ್ದುಬಿಡಿ. ಆಮೇಲೆ ಮರಳು ಕಾದ ಕಾವಲಿ.

ಪ್ಲಾಸ್ಟಿಕ್ ಆಟಿಕೆ ಕೊಳ್ಳಬೇಡಿ. ಒಂದು ಹಳೇ ಸೌಟು, ಎರಡು ಸ್ಟೀಲ್ ಲೋಟ ಸಾಕು. ಒದ್ದೆ ಮರಳನ್ನು ಉಜ್ಜಿದರೆ ಹೋಗುವುದಿಲ್ಲ, ಮಗು ಅಳುವುದೊಂದೇ ಲಾಭ. ಒಣಗಲು ಬಿಟ್ಟು ಹತ್ತಿ ಟವೆಲಿನಲ್ಲಿ ಕೊಡವಿ.

5 ವರ್ಷದ ಮಗನಿಗೆ ಗಾಳಿ ತುಂಬುವ ಟ್ಯೂಬ್ ತಂದಿದ್ದೇನೆ. ಸಾಕಲ್ಲವೇ? – ಓದುಗರು, ದಾವಣಗೆರೆ

ಟ್ಯೂಬನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮಳೆಗಾಲ ಬಿಟ್ಟರೆ ನಮ್ಮ ಕಡೆ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಬಿಸಿ ಹಿಡಿದುಕೊಂಡಿರುತ್ತದೆ, ಅದಕ್ಕೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗುತ್ತದೆ. ಬೆಳಿಗ್ಗೆ ನೀರಿನ ಮೇಲಿಟ್ಟ ಹಗುರ ಟ್ಯೂಬ್ ಸುಮ್ನೆ ಆಚೆಗೆ ಜಾರುತ್ತದೆ. ಹಿಡಿಯಲು ಹೋದ ಅಪ್ಪಂದಿರೇ ಅಪಾಯಕ್ಕೆ ಸಿಗುತ್ತಾರೆ. ಮಗು ನೀರಲ್ಲಿದ್ದಷ್ಟು ಹೊತ್ತು ನೀವು ಕೈಗೆಟುಕುವ ದೂರದಲ್ಲಿರಬೇಕು. ದಡದಲ್ಲಿ ಕೂತು "ಜಾಸ್ತಿ ಮುಂದೆ ಹೋಗಬೇಡ" ಎಂದು ಕೂಗಿದರೆ ಕಡಲಿನ ಸದ್ದಿಗೆ ಕೇಳಿಸುವುದೇ ಇಲ್ಲ.

ನನ್ನದೇ ಕತೆ ಹೇಳುತ್ತೇನೆ. ಮಗನಿಗೆ ಆಗ ನಾಲ್ಕು ವರ್ಷ. ದೊಡ್ಡವರೇ ಒಂಬತ್ತು ಜನ ಹೋಗಿದ್ದೆವು. ಚರುಮುರಿ ಹಂಚುವಾಗ ನೋಡಿದರೆ ಒಂದು ಪೊಟ್ಟಣ ಉಳಿಯಿತು. ಮಗ ಇಲ್ಲ. ಅತ್ತಿಗೆ ನನ್ನ ಹತ್ತಿರ ಇದ್ದಾನೆ ಎಂದುಕೊಂಡಿದ್ದಳು, ನಾನು ಅವರಪ್ಪನ ಹತ್ತಿರ ಎಂದುಕೊಂಡಿದ್ದೆ, ಅವರು ನಿದ್ದೆ ಮಾಡುತ್ತಿದ್ದರು. ಹತ್ತು ನಿಮಿಷ ನನ್ನ ಬಾಯಲ್ಲಿ ಉಗುಳಿರಲಿಲ್ಲ. ಕೊನೆಗೆ ಸಿಕ್ಕಿದ್ದು ಕೈರಂಪಣಿ ಎಳೆಯುವವರ ಹತ್ತಿರ. ಇಪ್ಪತ್ತು ಮೂವತ್ತು ಜನ ದಡದಲ್ಲಿ ನಿಂತು ದೊಡ್ಡ ಬಲೆ ಎಳೆಯುತ್ತಾರಲ್ಲ, ಅವರ ಹಗ್ಗದ ತುದಿ ಹಿಡಿದು ಇವನೂ "ಐಸಾ" ಅನ್ನುತ್ತಿದ್ದ! ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡೂ ಮಾಡಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕೆಂಪು ಟವೆಲ್ ಇದೆ. ಅದು ಯಾರ ಹೆಗಲ ಮೇಲಿದೆಯೋ ಅವರೇ ಕಾವಲು. ಅವರಿಗೆ ಫೋನಿಲ್ಲ, ಹರಟೆಯಿಲ್ಲ, ಚರುಮುರಿಯೂ ಇಲ್ಲ. ಇಪ್ಪತ್ತು ನಿಮಿಷಕ್ಕೆ ಟವೆಲ್ ಕೈ ಬದಲಾಗುತ್ತದೆ. ಒಂಬತ್ತು ಜನ ನೋಡಿಕೊಳ್ಳುವುದಕ್ಕಿಂತ ಟವೆಲ್ ಹೊದ್ದ ಒಬ್ಬರು ಮೇಲು.

4 ವರ್ಷದ ಮಗಳಿಗೆ ಅಲೆ ಕಂಡರೆ ಭಯ. ಒಮ್ಮೆ ಎತ್ತಿಕೊಂಡು ಮುಳುಗಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ನನ್ನವರು. – ಓದುಗರು, ಹುಬ್ಬಳ್ಳಿ

ಅವರಿಗೆ ಯಾವುದರ ಭಯವೋ ಅದರಲ್ಲಿ ಅವರನ್ನು ಮುಳುಗಿಸಿ ನೋಡಿ. ತಮಾಷೆಗೆ ಹೇಳಿದೆ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಬರೀ ನೊರೆ ಬಂದು ಪಾದ ಮುಟ್ಟುವಲ್ಲಿ ಕೂತುಕೊಳ್ಳಿ, ಕಡಲಿಗೆ ಮುಖ ಮಾಡಿ. ಒಣ ಮರಳಿನಲ್ಲಿ ಏಡಿಯ ತೂತು ತೋರಿಸಿ. ಅದು ಹೊರಗೆ ಬರುವವರೆಗೆ ಉಸಿರು ಬಿಗಿಹಿಡಿದು ಕೂರುವ ಆಟಕ್ಕೆ ಒಂದು ಬೆಳಗು ಹೋಗುತ್ತದೆ. ನನ್ನ ಮೊಮ್ಮಗಳು ಮೂರನೇ ಸಲಕ್ಕೆ ತಾನಾಗಿ ನೀರಿಗೆ ನಡೆದಳು.

ಅಮೆರಿಕದಿಂದ ಮೊಮ್ಮಕ್ಕಳು ಬರುವುದೇ ಜುಲೈನಲ್ಲಿ. ಕಡಲು ತೋರಿಸಬಹುದೇ? – ಓದುಗರು, ಶಿವಮೊಗ್ಗ

ತೋರಿಸಿ, ಮುಟ್ಟಿಸಬೇಡಿ. ಮಳೆಗಾಲದ ಕಡಲಿಗೆ ದಡದ ಮೇಲೆ ಕರುಣೆ ಇಲ್ಲ. ಸೇಂಟ್ ಮೇರೀಸ್ ದ್ವೀಪದ ದೋಣಿಯೂ ಆಗ ಇರುವುದಿಲ್ಲ. ಆದರೆ ಮಲ್ಪೆ ಬಂದರಿಗೆ ಕರೆದುಕೊಂಡು ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಎಂದು. ಬಣ್ಣ ಬಣ್ಣದ ದೋಣಿಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಹೆಸರು ಓದಿಸಿ, ಕನ್ನಡ ಅಕ್ಷರ ಕಲಿತ ಹಾಗೂ ಆಯಿತು. ಆಮೇಲೆ ಬಿಸಿ ಗೋಳಿಬಜೆ.

ಜೆಲ್ಲಿಫಿಶ್ ಕುಟುಕಿದರೆ? – ಓದುಗರು, ಮೈಸೂರು

ಕಡಲ ನೀರಿನಲ್ಲೇ ತೊಳೆಯಿರಿ, ಸಿಹಿ ನೀರು ಬೇಡ. ಮರಳು ಹಾಕಿ ಉಜ್ಜಬೇಡಿ. ಅಂಟಿದ ಎಳೆಯನ್ನು ಚಿಮಟದಿಂದ ತೆಗೆಯಿರಿ. ಆಮೇಲೆ ತಡೆಯುವಷ್ಟು ಬಿಸಿ ನೀರಿನಲ್ಲಿಟ್ಟರೆ ಉರಿ ಇಳಿಯುತ್ತದೆ. ಬಿಸಿಯನ್ನು ಮೊದಲು ನಿಮ್ಮ ಕೈಗೆ ನೋಡಿಕೊಳ್ಳಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ನೇರ ಆಸ್ಪತ್ರೆಗೆ. ಸತ್ತು ದಡಕ್ಕೆ ಬಿದ್ದದ್ದೂ ಕುಟುಕುತ್ತದೆ, ಮಕ್ಕಳಿಗೆ ಮೊದಲೇ ಹೇಳಿ.

ಮಕ್ಕಳು ಮರಳಿನಲ್ಲಿ ಗುಂಡಿ ತೋಡಿ ಒಳಗೆ ಕೂರುತ್ತಾರೆ. ಬಿಡಬಹುದೇ? – ಓದುಗರು, ಹಾಸನ

ಮಗುವಿನ ಮಂಡಿಯವರೆಗೆ. ಅದಕ್ಕಿಂತ ಆಳವಾದರೆ ಬದಿ ಕುಸಿಯುತ್ತದೆ. ಹೊರಡುವಾಗ ಮುಚ್ಚಿ ಬನ್ನಿ, ಕತ್ತಲಲ್ಲಿ ನಡೆಯುವವರಿದ್ದಾರೆ.

ಕಳೆದ ತಿಂಗಳು ಕಡಲಿಂದ ಮಗ ಒಂದು ಚೀಲ ಚಿಪ್ಪು ತಂದ. ಈಗ ಷೋಕೇಸ್ ವಾಸನೆ ಹೊಡೆಯುತ್ತಿದೆ. ಎಸೆದರೆ ಅಳುತ್ತಾನೆ. – ಓದುಗರು, ಬೆಂಗಳೂರು

ಯಾವುದೋ ಚಿಪ್ಪಿನಲ್ಲಿ ಅದರ ಯಜಮಾನ ಇನ್ನೂ ಇದ್ದ, ಪಾಪ. ಸನ್ಯಾಸಿ ಏಡಿ ಖಾಲಿ ಚಿಪ್ಪಿನಲ್ಲಿ ಸಂಸಾರ ಹೂಡುತ್ತದೆ, ಅದೇ ಇರಬೇಕು. ಹೂಕುಂಡದ ಮಣ್ಣಿನಲ್ಲಿ ಎರಡು ಮೂರು ವಾರ ಹೂತಿಡಿ, ಇರುವೆಗಳು ಚೊಕ್ಕ ಮಾಡುತ್ತವೆ. ಮುಂದಿನ ಸಲ ಹೆಕ್ಕಿದ ಚಿಪ್ಪನ್ನೆಲ್ಲ ದಡದಲ್ಲೇ ಸಾಲಾಗಿ ಇಟ್ಟು ಐದು ನಿಮಿಷ ಕಾಯಲು ಹೇಳಿ. ನಡೆದು ಹೋದದ್ದು ಕಡಲಿಗೆ, ಕೂತಲ್ಲೇ ಕೂತದ್ದು ಮಗನಿಗೆ.