ಲಸಿಕೆ ಹಾಕಿಸಿಕೊಂಡರೂ ಜ್ವರ ಬಂತಲ್ಲ!

ಪ್ರಿಯ ಓದುಗರೆ,

‘ಹೋದ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡೆ. ಎರಡೇ ತಿಂಗಳಿಗೆ ನೆಗಡಿ, ಜ್ವರ. ಈ ವರ್ಷ ಮತ್ತೆ ಹಾಕಿಸಿ ಅನ್ನುತ್ತಾರೆ ಡಾಕ್ಟರು. ವರ್ಷವರ್ಷವೂ ಚುಚ್ಚಿಸಿಕೊಳ್ಳಬೇಕೆಂದರೆ ಅದೆಂಥ ಲಸಿಕೆ?’ ಎಂದು ಕೇಳಿದ್ದೀರಿ. ವಯಸ್ಸು 62, ಸಕ್ಕರೆ ಕಾಯಿಲೆ ಇದೆ, ಮನೆಯಲ್ಲಿ ಮೂರು ತಿಂಗಳ ಮೊಮ್ಮಗು ಇದೆ ಎಂದು ಪತ್ರದ ತುದಿಯಲ್ಲಿ ಒಂದು ಸಾಲು ಗೀಚಿದ್ದೀರಿ. ನಾನು ಎರಡೆರಡು ಸಲ ಓದಿದ್ದು ಆ ಸಾಲನ್ನೇ.

ಮೊದಲು ನಿಮ್ಮ ಸಿಟ್ಟಿನ ವಿಚಾರ. ಬಂದದ್ದು ಫ್ಲೂ ಹೌದೋ ಅಲ್ಲವೋ, ಪರೀಕ್ಷೆ ಮಾಡಿಸದೆ ಹೇಳಲಾಗದು. ನೆಗಡಿ ತರುವ ವೈರಸ್‌ಗಳು ನೂರಾರು; ಈ ಲಸಿಕೆಗೆ ಸಂಬಂಧ ಇನ್‌ಫ್ಲುಯೆಂಜಾ, ಅಂದರೆ ಫ್ಲೂ, ಒಂದರ ಜೊತೆ ಮಾತ್ರ. ಅದನ್ನೂ ಪೂರ್ತಿ ತಡೆಯುವುದಿಲ್ಲ. ಯಾವ ತಳಿಯ ವೈರಸ್ ಹಬ್ಬೀತು ಎಂಬ ತಜ್ಞರ ಊಹೆ ಸರಿಯಾಗಿ ಕೂತ ವರ್ಷಗಳಲ್ಲಿ, ಫ್ಲೂ ಹಿಡಿದು ಡಾಕ್ಟರ ಬಳಿ ಓಡಬೇಕಾದ ಸಂಭವ ಶೇ. 40ರಿಂದ 60ರಷ್ಟು ಇಳಿಯುತ್ತದೆ, ಅಷ್ಟೆ.

ಹೌದು, ಊಹೆಯೇ. ಈ ವೈರಸ್ಸಿನ ಮೈಮೇಲೆ ಮುಳ್ಳಿನಂಥ ಪ್ರೋಟೀನುಗಳಿವೆ. ನಮ್ಮ ದೇಹ ಅದರ ಗುರುತು ಹಿಡಿಯುವುದು ಅವುಗಳಿಂದ. ತನ್ನ ನಕಲು ತಾನೇ ತೆಗೆಯುವಾಗ ವೈರಸ್ ತಪ್ಪು ಮಾಡುತ್ತಲೇ ಇರುತ್ತದೆ. ಮುಳ್ಳಿನ ಆಕಾರ ಚೂರುಚೂರೇ ಬದಲಾಗಿ, ಹಳೆಯ ಗುರುತು ಮಸುಕಾಗುತ್ತದೆ. ಲಸಿಕೆ ಕೊಟ್ಟ ಬಲವೂ ತಿಂಗಳುಗಳು ಉರುಳಿದಂತೆ ಕುಂದುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಸೇರಿ, ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಕ್ಕೆ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ತೀರ್ಮಾನಿಸುತ್ತಾರೆ. ಲಸಿಕೆಗೆ ಬೇಕಾದ ವೈರಸ್ಸನ್ನು ಬಹುಪಾಲು ಇಂದಿಗೂ ಕೋಳಿಮೊಟ್ಟೆಯಲ್ಲೇ ಬೆಳೆಸುವುದು. ತಯಾರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ವೈರಸ್ ವೇಷ ಬದಲಿಸಿದರೆ ಆ ವರ್ಷ ಲಸಿಕೆ ಸಪ್ಪೆ. (ತಮಾಷೆಯೆಂದರೆ, ‘ಬಿ ಯಮಗಾಟ’ ಎಂಬ ತಳಿ 2020ರ ಮಾರ್ಚ್ ನಂತರ ಎಲ್ಲೂ ಪತ್ತೆಯಾಗಿಲ್ಲ. ಅದನ್ನು ಲಸಿಕೆಯಿಂದ ಕೈಬಿಡಿ ಎಂದು ತಜ್ಞರೇ ಹೇಳಿದ್ದಾರೆ.)

ಇಷ್ಟು ಕೊರತೆಯಿದ್ದರೂ ನಾನೇಕೆ ಹಾಕಿಸಿಕೊಳ್ಳುತ್ತೇನೆ? ಒಂದು ವರ್ಷ ಸೋಮಾರಿತನದಿಂದ ತಪ್ಪಿಸಿದೆ. ಪರೀಕ್ಷೆಯಲ್ಲಿ ಸಾಬೀತಾದ ಅಸಲಿ ಫ್ಲೂ ಹಿಡಿಯಿತು. ಹಾಸಿಗೆಯಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ. ಏಳನೆಯದಕ್ಕೆ ಬಾಗಿಲ ಚೌಕಟ್ಟು ಹಿಡಿದು ನಿಂತು ಏದುಸಿರು ಬಿಡುತ್ತಿದ್ದೆ. ಅಂದಿನಿಂದ ‘ಬರೀ ಫ್ಲೂ’ ಅನ್ನುವುದನ್ನು ಬಿಟ್ಟೆ. ಜಗತ್ತಿನಲ್ಲಿ ಪ್ರತಿವರ್ಷ ಇದರಿಂದ ಉಸಿರಾಟ ಕೆಟ್ಟು ಸಾಯುವವರು 2.9 ಲಕ್ಷದಿಂದ 6.5 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಕ್ಕರೆ ಕಾಯಿಲೆಯವರಿಗೆ ಇದು ನ್ಯುಮೋನಿಯಾಕ್ಕೆ ತಿರುಗುವ ಭಯ ಹೆಚ್ಚು. ಲಸಿಕೆ ಪಡೆದವರಿಗೆ ಫ್ಲೂ ಬಂದರೂ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗುವ ಸಂಭವ ಕಡಿಮೆ.

ನೀವು ಇಪ್ಪತ್ತೈದರ ಗಟ್ಟಿಮುಟ್ಟು ಒಂಟಿಜೀವಿಯಾಗಿದ್ದರೆ ನಾನು ಇಷ್ಟು ವಾದಿಸುತ್ತಿರಲಿಲ್ಲ. ಆದರೆ ಆರು ತಿಂಗಳು ತುಂಬದ ಮಗುವಿಗೆ ಈ ಲಸಿಕೆ ಹಾಕುವಂತಿಲ್ಲ. ಎತ್ತಿ ಆಡಿಸುವವರು ರೋಗ ತರದಿರುವುದೇ ಅದಕ್ಕಿರುವ ರಕ್ಷಣೆ.

ಸೂಜಿಯಲ್ಲಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದಲೇ ಫ್ಲೂ ಬರದು. ತೋಳುನೋವು, ಒಂದೆರಡು ದಿನ ಮೈ ಬೆಚ್ಚಗೆ, ಇಷ್ಟು ಸಾಮಾನ್ಯ. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ. ಫಲ ಹತ್ತಲು ಎರಡು ವಾರ ಬೇಕು, ಹಾಗಾಗಿ ಫ್ಲೂ ಹಬ್ಬುವ ಕಾಲಕ್ಕೆ ಮುಂಚೆಯೇ ಹೋಗಿ. ಮಗುವಿನ ತಾಯಿಯೂ ಜೊತೆಗೆ ಬರಲಿ, ಹಾಲೂಡಿಸುವವರಿಗೆ ಅಡ್ಡಿಯಿಲ್ಲ. ಇಬ್ಬರೂ ಎಡತೋಳಿಗೇ ಹಾಕಿಸಿಕೊಳ್ಳಿ, ಮಗುವನ್ನೆತ್ತಲು ಬಲಗೈ ಬೇಕಾಗುತ್ತದೆ.

– ಸಂ.