ಪೇಂಟ್‌ಬಾಲ್ ಟ್ಯಾಂಕಿಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಬಹುದೇ?

ಮೂಡಿಗೆರೆಯ ಹೋಂಸ್ಟೇಯಲ್ಲಿ ಪೇಂಟ್‌ಬಾಲ್ (ಅನಿಲದ ಒತ್ತಡದಿಂದ ಬಣ್ಣದ ಗುಂಡು ಹಾರಿಸುವ ಗನ್ನಿನ ಆಟ) ಆಡಿಸುವ ತಾವು, ಗನ್ನಿನ ಅನಿಲ ಟ್ಯಾಂಕಿಗೆ ಹತ್ತಿರದ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಆದೀತೇ ಎಂದು ಕೇಳಿದ್ದೀರಿ. ಖಂಡಿತ ಕೂಡದು. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲವಾದರೂ, ಅಧಿಕ ಒತ್ತಡದ ಆಕ್ಸಿಜನ್ ಇರುವಲ್ಲಿ ವಾಲ್ವ್ ಥಟ್ಟನೆ ತೆರೆದಾಗ ಹುಟ್ಟುವ ಬಿಸಿಯೊಂದೇ ಎಣ್ಣೆ, ಗ್ರೀಸುಗಳನ್ನು ಹೊತ್ತಿಸಬಲ್ಲದು. ಅನಿಲ ಸೋರದಂತೆ ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿಗೆ ನಾವೇ ಹಚ್ಚುವ ಒಂದು ಹನಿ ಎಣ್ಣೆ ಅದಕ್ಕೆ ಸಾಕು. ಅಡುಗೆ ಅನಿಲದ ಮಾತಂತೂ ಬೇಡವೇ ಬೇಡ.

ಸಾರಜನಕವು ಉರಿಯದ, ಉರಿಸದ ಅನಿಲವಾದ್ದರಿಂದ ಒಣ ಗಾಳಿಯಂತೆಯೇ ಬಳಸಬಹುದು. ಆದರೆ 3000 ಅಥವಾ 4500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡಕ್ಕೆಂದೇ ತಯಾರಾದ, ಒತ್ತಡ ತಗ್ಗಿಸಿ ಕೊಡುವ ರೆಗ್ಯುಲೇಟರ್ ಇರುವ ಟ್ಯಾಂಕಿನಲ್ಲಿ ಮಾತ್ರ, ಅದರ ಮೇಲೆ ಬರೆದಿರುವ ಮಿತಿಯೊಳಗೆ.

ಇಂಗಾಲದ ಡೈಆಕ್ಸೈಡ್ ಟ್ಯಾಂಕಿನೊಳಗೆ ಬಹುಪಾಲು ದ್ರವವಾಗಿರುವುದರಿಂದ ಅದನ್ನು ತೂಕ ನೋಡಿಯೇ ತುಂಬಬೇಕು. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 850 ಪಿಎಸ್‌ಐ ಇರುವ ಅದರ ಒತ್ತಡ, ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಬಹಳ ಏರುತ್ತದೆ. ಅಳತೆ ಮೀರಿ ತುಂಬಿದ್ದರೆ ಸುರಕ್ಷತಾ ಬಿಲ್ಲೆ ಹರಿದು ಅನಿಲವೆಲ್ಲ ನುಗ್ಗಿ, ಮುಚ್ಚಿದ ವಾಹನದಲ್ಲಿ ಉಸಿರುಗಟ್ಟಿಸೀತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಭಯಂಕರವಾದದ್ದು, ಗನ್ನಿನಿಂದ ಕಳಚುವಾಗ ವಾಲ್ವ್ ಅಲ್ಲೇ ಉಳಿದು ಟ್ಯಾಂಕ್ ಮಾತ್ರ ತಿರುಗಿ ರಾಕೆಟ್ಟಿನಂತೆ ಚಿಮ್ಮುವುದು. ವಾಲ್ವಿಗೂ ಟ್ಯಾಂಕಿನ ಕುತ್ತಿಗೆಗೂ ಸೇರುವಂತೆ ಉಗುರುಬಣ್ಣದ ಒಂದು ಗೆರೆ ಎಳೆದಿಡಿ. ಗೆರೆ ತುಂಡಾಗಿ ಕಂಡರೆ ಮುಂದೆ ತಿರುಗಿಸದೆ, ತಿಳಿದವರ ಕೈಗೆ ಒಪ್ಪಿಸಿ.