ಫೌಂಡ್ರಿ ಲೆಕ್ಕ ಕ್ಲೌಡ್‌ಗೆ ಹಾಕಬಹುದಾ?

ನಮಸ್ಕಾರ ಸರ್. ಬೆಳಗಾವಿಯ ಉದ್ಯಮಬಾಗ್‌ನ ನಿಮ್ಮ ಪ್ರೈವೇಟ್ ಲಿಮಿಟೆಡ್ ಫೌಂಡ್ರಿಯ ಲೆಕ್ಕ, ಸ್ಟಾಕ್ ಎಲ್ಲಾ ಕ್ಲೌಡ್‌ಗೆ, ಅಂದರೆ ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಕಂಪ್ಯೂಟರ್‌ಗೆ (ಸರ್ವರ್) ಹಾಕಿದರೆ ಡೇಟಾ ಹೊರದೇಶಕ್ಕೆ ಹೋಗುತ್ತಾ, ನೆಟ್ ಕೈಕೊಟ್ಟರೆ ಏನು ಗತಿ ಅಂತ ಕೇಳಿದ್ದೀರಿ.

ಡೇಟಾ ಎಲ್ಲಿರಬೇಕು ಅನ್ನೋದು ನಿಮ್ಮ ಕೈಯಲ್ಲೇ ಇದೆ. ಡೇಟಾಬೇಸ್ ಶುರು ಮಾಡುವಾಗಲೇ ‘ರೀಜನ್’, ಅಂದರೆ ಸರ್ವರ್ ಇರುವ ಊರು, ಯಾವುದು ಅಂತ ಕೇಳುತ್ತದೆ. ಅಮೆಜಾನ್‌ನವರ ಮುಂಬೈ ರೀಜನ್ 2016ರಿಂದಲೇ ಇದೆ. ಮೈಕ್ರೋಸಾಫ್ಟ್‌ನವರದು ಪಕ್ಕದ ಪುಣೆಯಲ್ಲೇ ಇದೆ. ಸುಮ್ನೆ ಸಿಂಗಾಪುರ ಆರಿಸಬೇಡಿ. ನಿಮ್ಮದು ಕಂಪನಿ ಆದ್ದರಿಂದ ಲೆಕ್ಕದ ಬ್ಯಾಕಪ್ ದಿನಾ ಭಾರತದೊಳಗಿನ ಸರ್ವರ್‌ಗೆ ಹೋಗಲೇಬೇಕು, ಅದು ಕಾನೂನು. ಜೊತೆಗೆ 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ ಕಡ್ಡಾಯ. ಅಂದರೆ ಯಾವ ಎಂಟ್ರಿಯನ್ನು ಯಾವತ್ತು ತಿದ್ದಿದ್ದು ಅನ್ನೋ ದಾಖಲೆ ಉಳಿಯಬೇಕು, ಅದನ್ನು ಆಫ್ ಮಾಡೋಕೆ ಬರಬಾರದು. ಸಾಫ್ಟ್‌ವೇರ್ ಮಾರುವವರು ಡೆಮೊ ತೋರಿಸುವಾಗ ಒಂದು ಬಿಲ್ಲಿನ ಮೊತ್ತ ತಿದ್ದಿಸಿ, ಹಳೆಯ ಮೊತ್ತ ಕಾಣುತ್ತಾ ನೋಡಿ. ತಡವರಿಸಿದರೆ ಅಲ್ಲೇ ಬಿಡಿ.

ನೆಟ್‌ಗೆ ಬೇರೆ ಕಂಪನಿಯ ಇನ್ನೊಂದು ಲೈನ್ ಇರಲಿ. ರೂಟರ್‌ಗೂ ಯುಪಿಎಸ್ ಕೊಡಿ, ಇದನ್ನು ಜಾಸ್ತಿ ಜನ ಮರೀತಾರೆ! ನೆಟ್ ಹೋದಾಗ ಕೈಯಲ್ಲೇ ಬರೆಯೋಕೆ ಬೇಕಾಗುತ್ತೆ, ಗೇಟ್‌ಪಾಸ್ ಪುಸ್ತಕವನ್ನು ಇಷ್ಟು ಬೇಗ ಎಸೆಯಬೇಡಿ.

ಸಹಿ ಹಾಕುವ ಮುಂಚೆ, ‘ನಾಳೆ ನಾವು ನಿಮ್ಮ ಸಾಫ್ಟ್‌ವೇರ್ ಬಿಟ್ಟು ಹೋದರೆ ಪೂರ್ತಿ ಡೇಟಾ ಎಕ್ಸೆಲ್‌ನಲ್ಲಿ ಕೊಡ್ತೀರಾ’ ಅಂತ ಮಾರುವವರನ್ನು ಕೇಳಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ.